ಗಟ್ಟಿ ಗೆರೆಯ ಹಳ್ಳ

ನಮ್ಮೂರಲ್ಲಿ ಹಳ್ಳ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಈಗ ಯಾರ ಮನೆಯಲ್ಲಿದೆ ಎಂದು ಕೇಳುತ್ತಾರೆ. ಹನ್ನೊಂದು ಹಳ್ಳ, ಹನ್ನೊಂದು ಜನ ಹೆಂಗಸರು. ಅವರನ್ನು ನೀರಿನವರು ಅನ್ನುತ್ತೇವೆ. ನೀರಿನ ಹುಡುಗಿ ಮದುವೆಯಾಗಿ ಗಂಡನ ಬೀದಿಗೆ ಹೋದರೆ ಹದಿನೈದು ದಿನದೊಳಗೆ ಅವಳ ಹಳ್ಳವೂ ಹಿಂದೆಯೇ ಹೋಗುತ್ತದೆ. ಅದಕ್ಕೇ ಗಂಡಿನ ಕಡೆಯವರು ಚಪ್ಪರ ಹಾಕುವ ಮೊದಲು ಹಳ್ಳಕ್ಕೆ ಹಾದಿ ತೋಡುತ್ತಾರೆ. ಒಂದು ಮನೆಯವರು ತೋಡಲು ಸೋಮಾರಿತನ ಮಾಡಿದ್ದಕ್ಕೆ ಹಳ್ಳ ಅಂಚೆ ಕಚೇರಿಯೊಳಗೆ ಹರಿದು ಮೂರು ವಾರದ ಕಾಗದಗಳೆಲ್ಲ ಒದ್ದೆಯಾಗಿದ್ದವಂತೆ. ತವರಿನ ಬೀದಿಯವರು ಒಣಗಿದ ಹಾದಿಯಲ್ಲಿ ಹುರುಳಿ ಚೆಲ್ಲಿ, ಇನ್ನೊಬ್ಬ ನೀರಿನ ಸೊಸೆ ಬರುವವರೆಗೆ ದೂರದ ಬಾವಿಯಲ್ಲಿ ಸೇದಿಕೊಳ್ಳುತ್ತಾರೆ. ಊರಲ್ಲಿ ಎಂಟು ಸೇತುವೆಗಳಿವೆ, ಆರರ ಕೆಳಗೆ ನೀರಿಲ್ಲ. ಅವುಗಳ ಮೇಲೆ ಹಪ್ಪಳ, ಸಂಡಿಗೆ ಒಣಗಿಸುತ್ತಾರೆ. ನೀರಿರುವ ಕಡೆ ಹಲಗೆ ಹಾಕಿಕೊಂಡು ದಾಟುತ್ತೇವೆ.

ಇಂಥ ಊರಿನ ನೂರು ವರ್ಷದ ನೀರಿನ ನಕಾಶೆ ಬರೆಯಬೇಕೆಂದು ಮೇಲಿನ ಕಚೇರಿಯಿಂದ ಆದೇಶ ಬಂತು. ಹಳ್ಳಗಳ ಹೆಸರು, ಆ ಹೆಸರಿನ ಬರಹ, ಯಾವ ಕಾಲದಲ್ಲಿ ಯಾವ ಬೀದಿಯಲ್ಲಿ ಹರಿಯುತ್ತಿತ್ತು, ಇಷ್ಟನ್ನು ಕೇಳಿ ಬರೆದುಕೊಳ್ಳಲು ಒಬ್ಬರು ಬೇಕಿತ್ತು. ನಾನು ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತಿದ್ದೆ. ದಿನಚರಿ ಬರೆಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ನಕಾಶೆ ಕಚೇರಿಯ ಹೊನ್ನಪ್ಪನವರು ನನಗೆ ಮೂರು ಪ್ರಶ್ನೆ ಕೇಳಿದರು. ನಾನು ಒಂದಕ್ಕೆ ಮಾತ್ರ ಉತ್ತರ ಕೊಟ್ಟೆ, ಅದೂ ಅವರಿಗೆ ಕೇಳಿಸಲಿಲ್ಲ. ಅವರು ನನ್ನ ಅಕ್ಷರ ನೋಡಿ, "ಆಯ್ತು ಚಂಪಕಾ, ನಾಳೆಯಿಂದ ಬಾ. ಮಾತಾಡೋರು ಊರ ತುಂಬ ಇದ್ದಾರೆ. ಈ ಕೆಲಸಕ್ಕೆ ಕೇಳಿಸ್ಕೊಳ್ಳೋರು ಬೇಕು" ಅಂದರು.

ಕೆಲಸ ಕಷ್ಟದ್ದಾಗಿರಲಿಲ್ಲ. ಕಚೇರಿಯಲ್ಲಿ ನಾಲ್ಕು ಹಳೆಯ ನಕಾಶೆಗಳಿದ್ದವು. ನಾಲ್ಕರಲ್ಲೂ ಒಂದೇ ಹಳ್ಳದ ಹೆಸರು ನಾಲ್ಕು ಥರ ಬರೆದಿತ್ತು. ನಮ್ಮ ಮನೆಯ ಹಳ್ಳ ಮಿಣುಕಿಯನ್ನೇ ಒಬ್ಬ ಮಿನಕಿ ಎಂದು, ಇನ್ನೊಬ್ಬ ಮಿಣಕವ್ವ ಎಂದು, ಮತ್ತೊಬ್ಬ ಏನೆಂದು ಬರೆದಿದ್ದಾನೋ ಓದಲೇ ಬಾರದ ಹಾಗೆ ಬರೆದಿದ್ದ. ಹಳ್ಳದವಳು ಹೇಗೆ ಕರೆಯುತ್ತಾಳೋ ಹಾಗೇ ಬರಿ ಎಂದು ಹೊನ್ನಪ್ಪನವರು ಹೇಳಿದ್ದರು. ಅದೂ ಒಂದೊಂದು ಸಲ ಕೈ ಕೊಡುತ್ತಿತ್ತು. ಗಾಣದ ಬೀದಿಯ ಹೆಂಗಸು ತನ್ನ ಹಳ್ಳವನ್ನು ಒಂದು ಸಲ ಸಿಂಗಾರಿ ಎಂದಳು, ಇನ್ನೊಂದು ಸಲ ಸಿಂಗ್ರಿ ಎಂದಳು. ಯಾವುದು ಬರೆಯಲಿ ಎಂದು ಕೇಳಿದೆ. "ಸಮಾಧಾನ ಇದ್ದಾಗ ಸಿಂಗಾರಿ, ಸಿಟ್ಟು ಬಂದಾಗ ಸಿಂಗ್ರಿ. ಎರಡೂ ಬರ್ಕೊ. ನಿಂಗೇನು, ಕಾಗದ ಸರ್ಕಾರದ್ದು" ಅಂದಳು. ಎರಡೂ ಬರೆದುಕೊಂಡೆ.

ಗೆರೆ ಎಳೆಯಲು ಒಂದು ನಿಯಮವಿತ್ತು. ಜಾಗ ಬದಲಾಯಿಸಿದ ಹಳ್ಳಕ್ಕೆ ಚುಕ್ಕೆ ಗೆರೆ. ಇಪ್ಪತ್ತೈದು ವರ್ಷ ಒಂದೇ ಜಾಗದಲ್ಲಿ ಹರಿದ ಹಳ್ಳಕ್ಕೆ ಗಟ್ಟಿ ಗೆರೆ. ಮೇಲಿನ ಕಚೇರಿಯವರಿಗೆ ಗಟ್ಟಿ ಗೆರೆಯೆಂದರೆ ಪ್ರೀತಿ. ಆದರೆ ನಮ್ಮೂರಲ್ಲಿ ಯಾವ ಹೆಣ್ಣಿನ ಮದುವೆ ಇಪ್ಪತ್ತೈದು ವರ್ಷ ಕಾಯುತ್ತದೆ? ನೀರಿನವಳ ಮಗಳು ಹದಿನೆಂಟಕ್ಕೋ ಇಪ್ಪತ್ತಕ್ಕೋ ಹೋಗುತ್ತಾಳೆ, ತಾಯಿ ತಂದ ಹಳ್ಳ ಅವಳ ಹಿಂದೆ ಹೊರಡುತ್ತದೆ. ಹೀಗಾಗಿ ನಕಾಶೆ ತುಂಬ ಚುಕ್ಕೆ. ಹಳೆಯ ಹಾಳೆಗಳಲ್ಲೆಲ್ಲ ಗಟ್ಟಿಯಾಗಿದ್ದದ್ದು ಒಂದೇ, ಕುಂಬಾರ ಬೀದಿಯ ಕರಿಯವ್ವನ ಹಳ್ಳ. ಮೂರು ನಕಾಶೆಗಳಲ್ಲಿ ಒಂದು ಗೇಣೂ ಅತ್ತಿತ್ತ ಆಗಿರಲಿಲ್ಲ. ನಲವತ್ತೊಂದು ವರ್ಷ. "ನೋಡಮ್ಮಾ, ಇದೊಂದು ಮರ್ಯಾದಸ್ಥ ಹಳ್ಳ" ಎಂದು ಹೊನ್ನಪ್ಪನವರು ಬೆರಳಿಟ್ಟು ತೋರಿಸಿದರು. "ಈಗಿನ ಕಾಲದ್ದರಲ್ಲಿ ನಿಂದೂ ಹಾಗೇ. ನಿಮ್ಮಮ್ಮ ತಂದ ಮಿಣುಕಿ ಮೂವತ್ತು ವರ್ಷದಿಂದ ಬಣ್ಣದ ಬೀದಿ ಬಿಟ್ಟು ಅಲ್ಲಾಡಿಲ್ಲ." ನಮ್ಮ ಹಳ್ಳಕ್ಕೆ ಗಟ್ಟಿ ಗೆರೆ ಬರುತ್ತದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆ ದಿನದ ದಿನಚರಿಯಲ್ಲಿ ಅದನ್ನು ಬರೆದು, ಕೆಳಗೆ ಒಂದು ಗೆರೆಯನ್ನೂ ಎಳೆದಿದ್ದೇನೆ.

ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆ, ಹದಿನಾಲ್ಕೂ ನೂಲಿಗೆ ನೀಲಿ ಹಾಕುವವರವು. ಬಣ್ಣ ಕದಡಿದ ಗುಡಾಣದಿಂದ ತೆಗೆದಾಗ ಹಸಿರಾಗಿರುವ ನೂಲು ಗಾಳಿ ತಾಗಿ ನೀಲಿಯಾಗುತ್ತದೆ. ಆಮೇಲೆ ಅದನ್ನು ಹರಿಯುವ ನೀರಿನಲ್ಲೇ ಜಾಲಿಸಬೇಕು, ಬಾವಿ ನೀರಿಗೆ ಆಗುವುದಿಲ್ಲ. ಅಮ್ಮ ಮದುವೆಯಾಗಿ ಬಂದಾಗ ಮಿಣುಕಿಯನ್ನು ತಂದಳು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ಹೋದಳು, ಹಳ್ಳ ನನ್ನದಾಯಿತು. ಅಂದಿನಿಂದ ಎದುರುಮನೆಯ ಬಸಲಿಂಗತ್ತೆಯೇ ನನ್ನನ್ನು ನೋಡಿಕೊಂಡವಳು. ತಲೆ ಬಾಚಿದ್ದು, ಜ್ವರ ಬಂದಾಗ ಗಂಜಿ ಕುಡಿಸಿದ್ದು, ಪರೀಕ್ಷೆಗೆ ಹೊರಟಾಗ ಕಾಲೇಜಿನ ಬಾಗಿಲ ತನಕ ಬಂದು ಮೂರು ಗಂಟೆ ಮರದ ಕೆಳಗೆ ಕೂತಿದ್ದು ಎಲ್ಲ ಅವಳೇ. ಹಿಟ್ಟಿನ ಗಿರಣಿಗೆ ಹೊರಟರೂ "ತಾಳೇ, ನಾನೂ ಬತ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ಇಳಿಯುತ್ತಿದ್ದಳು. ಕೆಲಸಕ್ಕೆ ಸೇರಿದ ಮೇಲೆ ಸಂಜೆ ಐದಕ್ಕೆ ಸರಿಯಾಗಿ ಕಚೇರಿಯ ಮೆಟ್ಟಿಲ ಮೇಲೆ ಇರುತ್ತಿದ್ದಳು, ಎಲೆಅಡಿಕೆ ಜಗಿಯುತ್ತ. ನನ್ನಂಥ ಬಾಯಿಲ್ಲದವಳಿಗೆ ಇಂಥ ಅತ್ತೆ ಸಿಕ್ಕಿದ್ದು ಪುಣ್ಯ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ.

ನನಗೆ ಮೂರು ಸಂಬಂಧ ಬಂದು ಹೋಗಿದ್ದವು. ಮೂರೂ ಕಡೆಯವರು ಉಪ್ಪಿಟ್ಟು ತಿಂದು ನಗುತ್ತಲೇ ಎದ್ದು ಹೋದರು, ಮತ್ತೆ ಬರಲಿಲ್ಲ. ನಾನು ಮಾತಾಡದೆ ಕೂತಿದ್ದೇ ಕಾರಣವಿರಬೇಕೆಂದು ದಿನಚರಿಯಲ್ಲಿ ಮೂರು ಸಲವೂ ಬರೆದಿದ್ದೇನೆ. ಆ ವರ್ಷ, ನನಗೆ ಇಪ್ಪತ್ತಾರು ತುಂಬಿದಾಗ, ಬೀದಿಯವರೇ ಒಂದು ಸಂಬಂಧ ಹುಡುಕಿದರು. ನಮ್ಮ ಮನೆಯಿಂದ ನಾಲ್ಕನೇ ಮನೆ, ಬಸಲಿಂಗತ್ತೆಯ ಅಣ್ಣನ ಮಗ ಮಲ್ಲೇಶಿ. ಶುಕ್ರವಾರ ವೀಳ್ಯ ಎಂದು ಗೊತ್ತಾಯಿತು. ಮಲ್ಲೇಶಿ ಒಳ್ಳೆಯವನೇ. ಹಳ್ಳದ ಹತ್ತಿರ ಸಿಕ್ಕಾಗ ಕಾಲ ಮೇಲಿನ ನೀಲಿ ಉಜ್ಜಿಕೊಳ್ಳುತ್ತ, "ನನ್ನನ್ನೂ ಯಾರೂ ಕೇಳ್ಲಿಲ್ಲ ಕಣೆ ಚಂಪಾ. ಅಪ್ಪಣೆ ಆಯ್ತು" ಅಂದ. ನಾನು ಹೂಂ ಅಂದೆ. ನನಗೆ ಅವನ ಮೇಲೆ ಬೇಜಾರೂ ಇರಲಿಲ್ಲ, ಇಷ್ಟವೂ ಇರಲಿಲ್ಲ. ಬೇಡ ಎಂದು ಹೇಳಲು ಒಂದು ಕಾರಣ ಬೇಕಲ್ಲ, ನನ್ನ ಹತ್ತಿರ ಕಾರಣವಿರಲಿಲ್ಲ.

ಆ ವಾರದ ಸೋಮವಾರ ಕರಿಯವ್ವನ ಹಳ್ಳದ ವಿವರ ಬರೆದುಕೊಳ್ಳಲು ಹೋದೆ. ಕರಿಯವ್ವ ತೀರಿಕೊಂಡು ಬಹಳ ಕಾಲವಾಗಿತ್ತು. ಅವಳಿಗೆ ಮಕ್ಕಳಿರಲಿಲ್ಲ, ಹಳ್ಳ ಅವಳ ತಂಗಿಯ ಮಗಳು ತಿಮ್ಮಕ್ಕಜ್ಜಿಗೆ ಬಂದಿತ್ತು. ಅಜ್ಜಿಗೆ ತೊಂಬತ್ತರ ಮೇಲೆ, ಗಂಡನ ಮನೆಯಾದ ಮೇಲುಬೀದಿಯಲ್ಲಿದ್ದಳು, ಹಳ್ಳ ಹಿತ್ತಿಲಲ್ಲಿ ಸದ್ದು ಮಾಡುತ್ತಿತ್ತು. ಬಸಲಿಂಗತ್ತೆ ಜಗಲಿಯಲ್ಲಿ ಕೂತಳು, ನಾನು ಒಳಗೆ ಹೋದೆ. ಹಳ್ಳದ ಹೆಸರು ಹೇಗೆ ಬರೆಯಲಿ ಎಂದು ಕೇಳಿದೆ. "ತುಂಬೆ ಅಂತ ಬರಿ. ಹಳ್ಳದ ಹೆಸರು ತುಂಬೆ. ಕರಿಯವ್ವ ನಮ್ಮ ದೊಡ್ಡವ್ವನ ಹೆಸರು. ಅವಳು ಕೂತಲ್ಲೇ ಕೂತು ಕೂತು ಹಳ್ಳದ ಹೆಸರೇ ಹೋಗಿ ಅವಳ ಹೆಸರು ನಿಂತ್ಕೊಂತು" ಅಂದಳು ಅಜ್ಜಿ. ಹೆಸರಿನ ಕಾಲಮ್ಮಿನಲ್ಲಿ ತುಂಬೆ ಎಂದು ಬರೆದು, ಪಕ್ಕದಲ್ಲಿ ಕರಿಯವ್ವನ ಹಳ್ಳ ಎಂದೂ ಬರೆದೆ. ನಲವತ್ತೊಂದು ವರ್ಷ ಒಂದೇ ಜಾಗದಲ್ಲಿ ಹೇಗೆ ಇತ್ತು ಎಂದು ಕೇಳಿದೆ. ಅದು ನಮೂನೆಯಲ್ಲಿದ್ದ ಪ್ರಶ್ನೆಯಲ್ಲ, ಸುಮ್ಮನೆ ಕೇಳಿದ್ದು.

ಅಜ್ಜಿ ಹೇಳತೊಡಗಿದಳು. "ನಮ್ಮ ದೊಡ್ಡವ್ವ ದೋಸೆ ಹಾಕೋದ್ರಲ್ಲಿ ಭಾರಿ ಕೈ. ಪೇಟೆ ತುದೀಲಿ ಒಂದು ಗೂಡಂಗಡಿ ಇಡ್ತೀನಿ ಅಂತ ಹಟ ಹಿಡಿದ್ಲು. ಇಪ್ಪತ್ತೆಂಟು ವಯಸ್ಸು, ಮದುವೆ ಇಲ್ಲ. ಬಂದ ಗಂಡುಗಳನ್ನೆಲ್ಲ ಬೀದಿ ತುದೀಲೇ ಏನಾದ್ರೂ ಹೇಳಿ ವಾಪಸ್ ಕಳಿಸ್ತಿದ್ರು." ಯಾರು ಎಂದೆ. "ಇನ್ಯಾರು, ಬೀದಿಯೋರು. ಕುಂಬಾರರಿಗೆ ಮಣ್ಣು ಕಲಸೋಕೆ ನೀರು ಬೇಡ್ವಾ? ಒಂದಿನ ಹೆಂಚು, ಒಲೆ, ರುಬ್ಬೋ ಕಲ್ಲು ಎಲ್ಲ ಗಾಡಿಗೆ ಹಾಕ್ಕೊಂಡು ಹೊರಟೇಬಿಟ್ಲು. ಮೂರು ದಿನ ದೋಸೆ ಹಾಕಿದ್ಲು. ಜನ ಕ್ಯೂ ನಿಂತಿದ್ರಂತೆ. ನಾಲ್ಕನೇ ದಿನ ನೋಡ್ತಾರೆ, ಬೀದಿಯ ಹಳ್ಳದಲ್ಲಿ ಕಾಲುಂಗುರ ಮುಳುಗೋಷ್ಟು ನೀರು."

"ಮದುವೆ ಆಗದೆ ಹಳ್ಳ ಹೋಗುತ್ತಾ ಅಜ್ಜಿ?" ಎಂದು ಕೇಳಿದೆ. ನನ್ನ ಪೆನ್ಸಿಲ್ ನಿಂತಿತ್ತು.

"ಹಳ್ಳಕ್ಕೆ ತಾಳಿ ಕಾಣ್ತದಾ ಮಗಾ? ಹೆಂಗಸು ಎಲ್ಲಿ ಮಲಗಿ ಏಳ್ತಾಳೋ ಅಲ್ಲಿಗೆ ಹೋಗ್ತದೆ. ನೀರಿನ ಹುಡುಗೀರ ಮುಂದೆ ಅದನ್ನ ಹೇಳಲ್ಲ ಅಷ್ಟೆ. ನಮ್ಮ ದೊಡ್ಡವ್ವನನ್ನ ಹೊತ್ಕೊಂಡು ಬಂದ್ರು. ಬೈಲಿಲ್ಲ, ಹೊಡೀಲಿಲ್ಲ. ಆಮೇಲೆ ದಿನಾ ಒಂದೊಂದು ಮನೆಯೋರು ಬಂದು ಜೊತೆಗೆ ಕೂತ್ಕೊಳ್ಳೋರು. ಸೋಮವಾರ ಒಬ್ರು, ಮಂಗಳವಾರ ಇನ್ನೊಬ್ರು. ಪಲ್ಯ ತರೋರು, ತಲೆ ಬಾಚೋರು, ಸಂತೆಗೆ ಹೊರಟ್ರೆ ತಾಳು ನಾನೂ ಬತ್ತೀನಿ ಅನ್ನೋರು. ನಲವತ್ತೊಂದು ವರ್ಷದಲ್ಲಿ ಅವಳು ಒಂದಿನ ಒಬ್ಬಳೇ ಇರ್ಲಿಲ್ಲ. ನಮ್ಮವ್ವಾನೂ, ಸ್ವಂತ ತಂಗಿ, ಬುಧವಾರದ ಸರದಿ ಕೂತಿದ್ಲು." ಅಜ್ಜಿ ಬಾಗಿಲ ಕಡೆ ಕತ್ತು ಚಾಚಿದಳು. "ಹೊರಗೆ ಕೂತಿರೋದು ಯಾರು?" ನಮ್ಮ ಬೀದಿಯ ಅತ್ತೆ, ಜೊತೆಗೆ ಬಂದಿದ್ದಾರೆ ಎಂದೆ. ಅಜ್ಜಿ ಹೂಂ ಅಂದಳು. ಆಮೇಲೆ ತನ್ನ ಸೊಸೆಯನ್ನು ಕರೆದು ನನಗೆ ಮಜ್ಜಿಗೆ ತರಲು ಹೇಳಿದಳು.

ವಾಪಸ್ ಬರುವಾಗ ಕುಂಬಾರ ಬೀದಿಗೆ ಹೋಗಿ, ಕರಿಯವ್ವನ ಮನೆಯಿದ್ದ ಜಾಗದಿಂದ ಪೇಟೆ ತುದಿಯವರೆಗೆ ಹೆಜ್ಜೆ ಎಣಿಸಿದೆ. ದೂರ ಬರೆಯಬೇಕಾದಾಗ ಹಾಗೇ ಮಾಡುವುದು. "ಏನೇ ಅದು ಮಂತ್ರ ಹೇಳ್ದಂಗೆ ಗೊಣಗ್ತಿದ್ದೀಯ?" ಎಂದು ಹಿಂದಿನಿಂದ ಬಸಲಿಂಗತ್ತೆ ಕೇಳಿದಳು. ಉತ್ತರ ಕೊಟ್ಟರೆ ಲೆಕ್ಕ ತಪ್ಪುತ್ತಿತ್ತು. ಎಂಟುನೂರ ನಲವತ್ತು ಹೆಜ್ಜೆ. ದೋಸೆಯ ಹೆಂಚು ಕಾಯುವಷ್ಟರಲ್ಲಿ ಹೋಗಿ ಬರಬಹುದಾದ ದೂರ. ಮಾರನೇ ದಿನ ನಮ್ಮ ಬೀದಿಯಿಂದ ಕಚೇರಿಗೂ ಎಣಿಸಿದೆ. ಒಂಬೈನೂರ ಎಪ್ಪತ್ತು.

ಮಂಗಳವಾರ ಸಂಜೆ ಬಸಲಿಂಗತ್ತೆಯ ಜಗಲಿಯಲ್ಲಿ ಅವಳ ಜೊತೆ ನೂಲಿನ ಲಡಿ ಕಟ್ಟುತ್ತ ಕೂತಿದ್ದೆ. ಆರು ಲಡಿ ಕಟ್ಟಿ ಮುಗಿಸಿದೆವು. ಕೊನೆಗೆ ನೂಲನ್ನೇ ನೋಡುತ್ತ, "ಅತ್ತೆ, ಹಳ್ಳಕ್ಕೆ ಮದುವೆ ಬೇಕಾಗಿಲ್ಲ ಅಲ್ವಾ" ಅಂದೆ. ಅವಳ ಕೈ ನಿಲ್ಲಲಿಲ್ಲ. "ಆ ಮುದುಕಿ ಹೇಳಿದ್ಲಾ? ಹಲ್ಲೆಲ್ಲ ಹೋದರೂ ನಾಲಿಗೆ ಗಟ್ಟಿಯಾಗಿದೆ ಅದಕ್ಕೆ" ಅಂದಳು. ನಿನಗೆ ಗೊತ್ತಿತ್ತಾ ಎಂದು ಕೇಳಿದೆ. "ಗೊತ್ತಿಲ್ದೆ ಏನು. ನಿಮ್ಮಮ್ಮನಿಗೂ ಗೊತ್ತಿತ್ತು." ಅಮ್ಮನ ಜೊತೆ ಯಾರು ಕೂರುತ್ತಿದ್ದರು ಎಂದೆ. "ನಾನೇ" ಅಂದಳು. "ಅವಳಿಗೆ ಬೇಸರ ಇರ್ಲಿಲ್ಲ. ಇಬ್ಬರೂ ಚೌಕಾಬಾರ ಆಡ್ತಿದ್ವಿ."

ಮೂರು ಸಂಬಂಧದ ವಿಷಯ ಕೇಳಿದೆ. ಅದಕ್ಕೂ ಅವಳು ಮುಚ್ಚಿಡಲಿಲ್ಲ. "ಹುಡುಗಿ ಮೂಗಿ ಇರಬಹುದು, ಒಳಗೊಳಗೇ ಏನೋ ಬರೀತಿರ್ತಾಳೆ, ಯಾವುದಕ್ಕೂ ವಿಚಾರಿಸ್ಕೊಳ್ಳಿ ಅಂದೆ. ಸುಳ್ಳೇನಲ್ಲವಲ್ಲ. ನೀನು ನಾಲ್ಕು ಮಾತು ಒಟ್ಟಿಗೆ ಆಡಿದ್ದು ಇವತ್ತೇ." ಆಮೇಲೆ ಲಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಕಡೆ ತಿರುಗಿದಳು. "ಕೇಳಿಲ್ಲಿ. ಹದಿನಾಲ್ಕು ಮನೆ. ಊರಿನ ಮಿಕ್ಕ ನೀರಿನವರೆಲ್ಲ ಒಂದೋ ಮದುವೆ ಆದೋರು, ಇಲ್ಲ ತೊಟ್ಟಿಲಲ್ಲಿರೋರು. ನೀನು ಹೋದ್ರೆ ಇನ್ನು ಇಪ್ಪತ್ತು ವರ್ಷ ಈ ಬೀದಿಗೆ ಹನಿ ನೀರಿಲ್ಲ. ನೂಲನ್ನ ಯಾರ ತಲೆ ಮೇಲೆ ಜಾಲಿಸಲಿ? ಮಲ್ಲೇಶಿ ನಿಂಗೆ ಏನು ಕಮ್ಮಿ? ಕುಡಿಯಲ್ಲ, ಹೊಡೆಯಲ್ಲ. ನಿಮ್ಮಪ್ಪ ಕೂಗಿದ್ರೆ ಕೇಳಿಸೋ ದೂರದಲ್ಲೇ ಇರ್ತೀಯ." ಅವಳು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ನಾನು ಎದ್ದು ಮನೆಗೆ ಬಂದೆ. ಆ ದಿನದ ದಿನಚರಿಯಲ್ಲಿ ಎರಡೇ ಸಾಲಿದೆ. ಶುಕ್ರವಾರ ಹೂಂ ಅಂದರೆ ಗಟ್ಟಿ ಗೆರೆ. ಅನ್ನದಿದ್ದರೆ ಹದಿನಾಲ್ಕು ಮನೆಗೆ ನೀರಿಲ್ಲ.

ಬುಧವಾರ ಬೆಳಿಗ್ಗೆ ಹೊನ್ನಪ್ಪನವರನ್ನು, ಕಚೇರಿಯ ಹಿಂದಿನ ಕೋಣೆ ಖಾಲಿ ಇದೆಯಾ ಎಂದು ಕೇಳಿದೆ. ಹಿಂದೆ ಜವಾನ ಇರುತ್ತಿದ್ದ ಕೋಣೆ ಅದು, ಈಗ ಹಳೆಯ ನಕಾಶೆ ಸುರುಳಿಗಳನ್ನು ತುಂಬಿದ್ದರು. ಅವರು ಯಾರಿಗೆ ಎಂದು ಕೇಳಲಿಲ್ಲ. "ಸುರುಳಿಗಳು ನೆಲದ ಮೇಲಿವೆ, ಅಟ್ಟಕ್ಕೆ ಏರಿಸ್ಬೇಕು. ನೀರು ಬಂದ್ರೆ ಕಷ್ಟ" ಅಂದರು. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ಕಾಂಪೌಂಡಿನ ಮೂಲೆಯಲ್ಲಿದ್ದ ಗುದ್ದಲಿ ಹುಡುಕಲು ಹೋದರು.

ಮಧ್ಯಾಹ್ನ ಮನೆಗೆ ಬಂದೆ. ಬುಧವಾರ ನಮ್ಮ ಬೀದಿಯಲ್ಲಿ ಗುಡಾಣ ತೆರೆಯುವ ದಿನ. ಮುಚ್ಚಳ ತೆಗೆದ ಮೇಲೆ ಮುಗಿಯುವವರೆಗೆ ಯಾರೂ ಕೈ ತೆಗೆಯುವ ಹಾಗಿಲ್ಲ. ನಡುವೆ ಬಿಟ್ಟರೆ ಲಡಿಯೆಲ್ಲ ಪಟ್ಟೆ ಪಟ್ಟೆಯಾಗಿ ಆ ವಾರದ ನೂಲು ಹಾಳು. ಹದಿನಾಲ್ಕು ಮನೆಯ ಮುಂದೂ ಜನ ಮೊಣಕೈವರೆಗೆ ನೀಲಿಯಲ್ಲಿ ಮುಳುಗಿಸಿ ಕೂತಿದ್ದರು. ನಾನು ಟ್ರಂಕಿಗೆ ನಾಲ್ಕು ಸೀರೆ, ಪುಸ್ತಕ ತುಂಬಿಕೊಂಡು ಹೊರಗೆ ಬಂದೆ. ಅಪ್ಪ ನಮ್ಮ ಬಾಗಿಲಲ್ಲೇ ಗುಡಾಣದ ಮುಂದೆ ಕೂತಿದ್ದ. ಟ್ರಂಕು ನೋಡಿದ, ನನ್ನನ್ನು ನೋಡಿದ. "ರಾತ್ರಿಗೆ ಊಟ ಕಟ್ಕೊಂಡ್ಯಾ?" ಅಂದ. ಇಲ್ಲ ಅಂದೆ. "ಗೂಡಿನಲ್ಲಿ ರೊಟ್ಟಿ ಇವೆ, ಹಾಕ್ಕೊ" ಅಂದ. ಒಳಗೆ ಹೋಗಿ ಹಾಕಿಕೊಂಡು ಬಂದೆ.

ಎದುರುಮನೆಯಿಂದ ಬಸಲಿಂಗತ್ತೆ, "ಎಲ್ಲಿಗೇ?" ಅಂದಳು. ಕಚೇರಿಗೆ ಅಂದೆ. "ಟ್ರಂಕು ಯಾಕೆ?" ನಾನು ಏನೋ ಹೇಳಿದೆ, ಅವಳಿಗೆ ಕೇಳಿಸಲಿಲ್ಲ. ಎರಡನೇ ಸಲ ಹೇಳಿದೆ, "ಅಲ್ಲೇ ಇರ್ತೀನಿ ಅತ್ತೆ." ಬೀದಿಯೆಲ್ಲ ತಲೆ ಎತ್ತಿತು. ಯಾರೂ ಕೈ ತೆಗೆಯಲಿಲ್ಲ. ಬಸಲಿಂಗತ್ತೆ ಅರ್ಧ ಎದ್ದಳು, ತೋಳಿನಿಂದ ನೀಲಿ ತೊಟ್ಟಿಕ್ಕಿತು, ಗುಡಾಣದೊಳಗೆ ನೋಡಿದಳು, ಮತ್ತೆ ಕೂತಳು. ನಾನು ಮುಂದೆ ನಡೆದೆ. ಹಿಂದಿನಿಂದ ಯಾರೋ "ಮುಟ್ಠಾಳ ಹುಡುಗಿ" ಅಂದರು. ಮಲ್ಲೇಶಿ, ಬೀದಿ ತುದಿಯ ಗುಡಾಣದವನು, ಟ್ರಂಕು ದಾಟಲು ಜಾಗ ಬಿಟ್ಟು ತನ್ನ ಕಾಲು ಮಡಚಿಕೊಂಡ.

ಆರನೇ ದಿನ ಅವರು ಬಂದರು. ಅಷ್ಟರಲ್ಲಿ ಬೀದಿಯ ನೀರು ಅರ್ಧಕ್ಕೆ ಇಳಿದಿತ್ತಂತೆ. ಬಸಲಿಂಗತ್ತೆ, ಮಲ್ಲೇಶಿಯ ತಂದೆ, ಇನ್ನೂ ನಾಲ್ಕು ಜನ. ಅಪ್ಪನನ್ನೂ ಕರೆತಂದಿದ್ದರು. ಹೊನ್ನಪ್ಪನವರು ಮಣ್ಣು ಮೆತ್ತಿದ ಗುದ್ದಲಿ ಹಿಡಿದೇ ಅಡ್ಡ ನಿಂತು, "ಇದು ಸರ್ಕಾರಿ ಕಟ್ಟಡ, ಗಲಾಟೆ ಮಾಡಬಾರದು" ಅಂದರು. "ಗಲಾಟೆ ಯಾರು ಮಾಡ್ತಾರೆ ಸ್ವಾಮಿ, ನಮ್ಮ ಮಗಳನ್ನ ಕರ್ಕೊಂಡು ಹೋಗೋಕೆ ಬಂದಿದ್ದೀವಿ" ಎಂದು ಮಲ್ಲೇಶಿಯ ತಂದೆ ಒಳಗೆ ಬಂದು ಟ್ರಂಕಿನ ಹಿಡಿಗೆ ಕೈ ಹಾಕಿದ. ಆಗ ಅಪ್ಪ ಬಂದು ಟ್ರಂಕಿನ ಮೇಲೆ ಕೂತ. ಬೀಡಿ ತೆಗೆದ, ಹಚ್ಚಲಿಲ್ಲ, ಹಳೆಯ ಕಾಗದವಿರುವ ಜಾಗವೆಂದು ಇರಬೇಕು. ಮಲ್ಲೇಶಿಯ ತಂದೆ ಎರಡು ಸಲ ಏಳು ಅಂದ. ಅಪ್ಪ ಏಳಲಿಲ್ಲ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಏನಾದರೂ ಹೇಳಬೇಕಾಯಿತು. ಏನು ಹೇಳಬೇಕೆಂದು ದಿನಚರಿಯಲ್ಲಿ ಮೂರು ಪುಟ ಬರೆದಿಟ್ಟಿದ್ದೆ, ಒಂದು ಸಾಲೂ ನೆನಪಾಗಲಿಲ್ಲ. "ಒಂಬೈನೂರ ಎಪ್ಪತ್ತು ಹೆಜ್ಜೆ" ಅಂದೆ. 

"ಜೋರಾಗಿ ಹೇಳು" ಅಂದಳು ಬಸಲಿಂಗತ್ತೆ.

"ಬೀದಿಯಿಂದ ಇಲ್ಲಿಗೆ ಒಂಬೈನೂರ ಎಪ್ಪತ್ತು ಹೆಜ್ಜೆ. ನೀನು ದಿನಾ ಸಂಜೆ ಬರ್ತಿದ್ದೆಯಲ್ಲ ಅತ್ತೆ, ಅಷ್ಟೇ ದೂರ. ಹಳ್ಳ ಇಲ್ಲಿಗೆ ಬರುತ್ತೆ. ನೂಲು ಇಲ್ಲಿ ತಂದು ಜಾಲಿಸ್ಕೊಳ್ಳಿ. ನಾನು ಬೇಡ ಅನ್ನಲ್ಲ. ಆದ್ರೆ ನಾನು ಬರಲ್ಲ." ಯಾರೂ ಒಪ್ಪಲಿಲ್ಲ. ಬೈದುಕೊಂಡು ಹೋದರು. ಅಪ್ಪ ಎಲ್ಲರೂ ಹೋದ ಮೇಲೆ ಎದ್ದು, ಟ್ರಂಕಿನ ಮುಚ್ಚಳ ತನ್ನ ಭಾರಕ್ಕೆ ಬಗ್ಗಿದೆಯೇನೋ ಎಂದು ಒಂದು ಸಲ ತಟ್ಟಿ ನೋಡಿ, ಹೊರಟ.

ಹನ್ನೊಂದನೇ ದಿನ ಮಿಣುಕಿ ಬಂತು. ಹೊನ್ನಪ್ಪನವರು ತೋಡಿದ ಹಾದಿ ಸ್ವಲ್ಪ ಡೊಂಕಾಗಿತ್ತು, ಹಳ್ಳ ಅದನ್ನೇ ಅನುಸರಿಸಿ ಕಾಂಪೌಂಡಿನ ಪಕ್ಕದಲ್ಲಿ ಹರಿಯಿತು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡುತ್ತ ನಿಂತರು. ಇಷ್ಟು ವರ್ಷ ಹಳ್ಳಗಳನ್ನು ಕಾಗದದ ಮೇಲೆ ಎಳೆದವರು, ಒಂದು ಹಳ್ಳ ಬರುವುದನ್ನು ನೋಡಿದ್ದು ಅದೇ ಮೊದಲಂತೆ. ಮಿಣುಕಿಯ ಗಟ್ಟಿ ಗೆರೆಯನ್ನು ಬಣ್ಣದ ಬೀದಿಯಲ್ಲಿ ಮೂವತ್ತು ವರ್ಷಕ್ಕೆ ನಿಲ್ಲಿಸಿ, ಅಲ್ಲಿಂದ ಕಚೇರಿಯವರೆಗೆ ನಾನೇ ಚುಕ್ಕೆ ಇಟ್ಟೆ. ತುಂಬೆಯ ಗಟ್ಟಿ ಗೆರೆಯನ್ನು ಮುಟ್ಟಲಿಲ್ಲ, ಅದು ಇದ್ದದ್ದು ಹಾಗೇ. ಅದರ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ "ಇಲ್ಲಿಂದ ಪೇಟೆ ತುದಿಗೆ ಎಂಟುನೂರ ನಲವತ್ತು ಹೆಜ್ಜೆ" ಎಂದು ಬರೆದೆ. ಮೇಲಿನವರು ಇದೇನು ಎಂದು ಕೇಳುತ್ತಾರೆ ಎಂದರು ಹೊನ್ನಪ್ಪನವರು. ಆಮೇಲೆ ಅವರೇ, "ಕೇಳಲಿ" ಎಂದು ಶಾಯಿ ಒತ್ತುವ ಕಾಗದ ಕೊಟ್ಟರು.

ಬೀದಿಯವರು ಎರಡು ಬುಧವಾರ ಗುಡಾಣ ತೆರೆಯಲಿಲ್ಲ. ಮೂರನೇ ಬುಧವಾರ ಮಧ್ಯಾಹ್ನ ಕಿಟಕಿಯಾಚೆ ನೀರಿಗೆ ಬಟ್ಟೆ ಬಡಿದಂಥ ಸದ್ದಾಯಿತು. ನೋಡಿದರೆ ಬಸಲಿಂಗತ್ತೆ ಮೊಣಕಾಲವರೆಗೆ ನೀರಿನಲ್ಲಿ ನಿಂತು ಲಡಿ ಜಾಲಿಸುತ್ತಿದ್ದಳು. ಒಬ್ಬಳೇ ಬಂದಿದ್ದಳು. ನಾನು ಹೊರಗೆ ಹೋಗಿ ನಿಂತೆ. ಅವಳು ಮುಖ ಎತ್ತದೆ, "ಇಲ್ಲಿ ಒಂದು ಕಲ್ಲಾದ್ರೂ ಇದೆಯಾ? ಎಲ್ಲಿ ಬಡೀಬೇಕು, ನಿಮ್ಮ ಸಾಹೇಬರ ತಲೆ ಮೇಲಾ?" ಅಂದಳು. ಇನ್ನೊಂದು ಲಡಿ ಮುಳುಗಿಸುತ್ತ, "ನಮ್ಮ ಬೀದಿ ಬಗ್ಗೆ ನಕಾಶೇಲಿ ಏನು ಬರೆದಿದ್ದೀಯ?" ಎಂದು ಕೇಳಿದಳು. ಅವಳಿಗೆ ಓದಲು ಬರುವುದಿಲ್ಲ. ಹಾಳೆ ತಂದು ಓದಿ ಹೇಳಿದೆ. ಮಿಣುಕಿ, ಮೂವತ್ತು ವರ್ಷ, ಆಮೇಲೆ ಒಂಬೈನೂರ ಎಪ್ಪತ್ತು ಹೆಜ್ಜೆ.

"ತಪ್ಪು" ಅಂದಳು. ನಾನು ಎರಡು ಸಲ ಎಣಿಸಿದ್ದೇನೆ ಎಂದೆ. "ಬರಿಗೈಲಿ ಎಣಿಸಿದ್ದೀಯ. ಬರಿಗೈಲಿ ನಾನೂ ಎರಡು ವರ್ಷ ಓಡಾಡಿದ್ದೀನಿ, ಗೊತ್ತು. ಇದನ್ನ ಹೊತ್ಕೊಂಡು ಎಣಿಸು." ಅವಳು ಹಿಂಡಿದ ಲಡಿಗಳನ್ನೆಲ್ಲ ಎರಡು ಗಂಟು ಮಾಡಿ, ಸಿಂಬಿ ಸುತ್ತಿ, ಒಂದನ್ನು ನನ್ನ ತಲೆಯ ಮೇಲೆ ಇಟ್ಟಳು. ಕತ್ತು ಒಳಕ್ಕೆ ಹೋದಂತಾಯಿತು. ಇನ್ನೊಂದು ಗಂಟನ್ನು ತಾನು ಹೊತ್ತಳು.

ಹಾಳೆಯನ್ನು ಸುರುಳಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹೊರಟೆವು. ಒದ್ದೆ ನೂಲು ಹೊತ್ತಾಗ ಹೆಜ್ಜೆ ಉದ್ದ ಬೀಳುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನೀಲಿ ನೀರು ಕಿವಿಯ ಹಿಂದಿನಿಂದ ಇಳಿದು ಕುಪ್ಪಸದೊಳಗೆ ಹೋಗುತ್ತಿತ್ತು. ಒಣ ಸೇತುವೆಯ ಹತ್ತಿರ ಒಮ್ಮೆ, ಗಿರಣಿಯ ಮುಂದೆ ಒಮ್ಮೆ ಇಳಿಸಿದೆ. ಅವಳು ಇಳಿಸಲಿಲ್ಲ, ನಿಂತು ಕಾದಳು. ಇಬ್ಬರೂ ತುಟಿಯಲ್ಲೇ ಎಣಿಸುತ್ತಿದ್ದೆವು. ಎದುರಿಗೆ ಬಂದ ಗಾಣದ ಬೀದಿಯ ಹೆಂಗಸು, "ಏನು, ಅತ್ತೆ ಸೊಸೆ ಹರಕೆ ಹೊತ್ತಿದ್ದೀರಾ?" ಎಂದು ಕೇಳಿದಳು. ಇಬ್ಬರೂ ಎಣಿಸುತ್ತಲೇ ದಾಟಿದೆವು. ಬೀದಿ ತಲುಪಿದಾಗ ನನ್ನದು ಸಾವಿರದ ಮುನ್ನೂರ ಹದಿನಾರು ಆಗಿತ್ತು. ಅವಳದು ಸಾವಿರದ ನಾನ್ನೂರು ದಾಟಿತ್ತು. "ನಂದು ಬರಿ" ಅಂದಳು. "ಹೊರೋಳು ನಾನು." ಜಗಲಿಯ ಮೇಲೆ ಕೂತು ಹಾಳೆಯ ಅಂಚಿನಲ್ಲಿ ಮೂರು ಲೆಕ್ಕವನ್ನೂ ಬರೆದೆ. ಬರಿಗೈಯಲ್ಲಿ ಇಷ್ಟು, ಒದ್ದೆ ನೂಲು ಹೊತ್ತು ಚಂಪಕಾಳಿಗೆ ಇಷ್ಟು, ಬಸಲಿಂಗಮ್ಮನಿಗೆ ಇಷ್ಟು. ಅವಳು ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ತೋರಿಸಿದ ಜಾಗವನ್ನು ನೀಲಿ ಬೆರಳು ತಾಗದ ಹಾಗೆ ಬಗ್ಗಿ ನೋಡಿದಳು.

ಹದಿನಾಲ್ಕು ಮನೆಯವರೂ ಬಾಗಿಲಲ್ಲಿ ನಿಂತಿದ್ದರು. ಹಳ್ಳ ಹರಿದ ಜಾಗದಲ್ಲಿ ಯಾರೋ ಆಗಲೇ ಹುರುಳಿ ಚೆಲ್ಲಿದ್ದರು. ಮಲ್ಲೇಶಿಯ ತಂದೆ ಮುಖ ತಿರುಗಿಸಿದ. ಮಲ್ಲೇಶಿ, ಬಡಿಯುವ ಕಲ್ಲು ಸಾಗಿಸಲು ನಾಲ್ಕು ಜನ ಸಾಕೋ ಆರು ಬೇಕೋ ಎಂದು ಯಾರನ್ನೋ ಕೇಳುತ್ತಿದ್ದ. ಬಸಲಿಂಗತ್ತೆ ಹಗ್ಗದ ಮೇಲೆ ನೂಲು ಹರವಲು ಶುರುಮಾಡಿದಳು. ನಾನು ಹೊರಡ್ತೀನಿ ಎಂದೆ. ಅವಳು ಹೂಂ ಅಂದಳು, ಸೆರಗು ಸಿಕ್ಕಿಸಿಕೊಳ್ಳಲಿಲ್ಲ. ಬೀದಿ ತುದಿಗೆ ಬಂದು ಒಂದು ಸಲ ನಿಂತೆ. ಹಿಂದೆ ಯಾರೂ ಬರುತ್ತಿರಲಿಲ್ಲ. ಕಚೇರಿಗೆ ಬರಿಗೈಯಲ್ಲಿ ವಾಪಸ್ ನಡೆದೆ. ಎಷ್ಟು ಹೆಜ್ಜೆಯಾಯಿತೋ, ಎಣಿಸಲಿಲ್ಲ.